ಗಾಜಿನೊಳಗೆ ಅವ್ವನ ಕಂಬಳಿ

ಬೆಂಗಳೂರು ದಂಡು, ಆಗಸ್ಟ್ ೧೯೭೬

ಅಣ್ಣ ಓಬಣ್ಣನಿಗೆ, ತಮ್ಮ ಹಾಲಸ್ವಾಮಿ ಬರೆಯುವುದು.

ಮೇಷ್ಟ್ರುಗಳ ತರಬೇತಿಗೆ ಇವತ್ತು ರಜೆ. ಒಬ್ಬನೇ ಊರು ನೋಡಲು ಹೊರಟೆ. ಬ್ರಿಟಿಷರ ಕಾಲದ ಬಾರೊಂದರಲ್ಲಿ ರುಮಾಲು ಸುತ್ತಿದ ಬೇರರ್ ದೊರೆಗೆ ಕೊಟ್ಟ ಹಾಗೆ ಬೀರು ತಂದುಕೊಟ್ಟ. ಅದೇ ಖುಷಿಯಲ್ಲಿ ಕಲಾ ಮ್ಯೂಸಿಯಂ ಹೊಕ್ಕೆ. ರಾಜರಾಣಿಯರ ಚಿತ್ರಗಳನ್ನು ದಾಟಿದರೆ, ಗಾಜಿನ ಪೆಟ್ಟಿಗೆಯಲ್ಲಿ ಅವ್ವನ ಕರಿ ಕಂಬಳಿ! ಒಲೆಯ ಕಿಡಿ ಬಿದ್ದ ತೂತಿಗೆ ಅವಳು ಬಿಳಿ ಉಣ್ಣೆಯಲ್ಲಿ ಹಾಕಿದ ತೇಪೆ ಹಾಗೇ ಇದೆ. ಹಬ್ಬಕ್ಕೆ ದೇವರ ಗದ್ದುಗೆಗೆ ಹಾಸುತ್ತಿದ್ದ ಕಂಬಳಿಯಲ್ಲವೇ? ನನಗೇ ಅರಿವಿಲ್ಲದೆ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಏನಯ್ಯಾ, ಇದೇನು ದೇವಸ್ಥಾನಾನಾ? ಚಪ್ಪಲಿ ಹಾಕ್ಕೊಂಡು ನಡಿ" ಎಂದು ಕಾವಲಿನವನು ಗದರಿದ.

ಪೆಟ್ಟಿಗೆಯ ಕೆಳಗೆ ಬರೆದಿದ್ದರು: ಕೊಟ್ಟವರು ಓಬಣ್ಣ, ಮದಕರಿಪುರ.

ನಾನು ಅವ್ವನ ಮಣ್ಣಿಗೆ ತಡವಾಗಿ ಬಂದಾಗ ನೀನು ಏನೆಂದೆ? "ಅವ್ವುಂಗೆ ಕಂಬ್ಳಿ ಹೊದಿಸೇ ಮಣ್ಣು ಮಾಡಿದ್ವಿ ಕಣಪ್ಪ, ಅಳಬ್ಯಾಡ" ಎಂದೆ. ಆ ಚಳಿಯಲ್ಲಿ ಅವಳನ್ನು ಬರೀ ಸೀರೆಯಲ್ಲಿ ಮಣ್ಣಿಗಿಟ್ಟು, ಕಂಬಳಿಯನ್ನು ಹಳೇ ಸಾಮಾನು ಕೇಳಿಕೊಂಡು ಊರಿಗೆ ಬಂದ ಮ್ಯೂಸಿಯಂ ಜೀಪಿನವರಿಗೆ ಕೊಟ್ಟೆಯಾ?

ನನ್ನ ಕೆಮ್ಮು ಕಡಿಮೆಯಾಗಿದೆ. ಈಗ ಇನ್ನೊಂದು ಬಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿನಗೆ ಓದು ಬಾರದು. ನಿನಗೆ ಬಂದ ಕಾಗದಗಳನ್ನು ಅಂಚೆಯ ರಂಗಪ್ಪನೇ ಓದುತ್ತಾನೆ, ಅದೂ ಊರ ಕಟ್ಟೆಯ ಮೇಲೆ. ಅದು ಗೊತ್ತಿದ್ದೇ ಲಕೋಟೆ ಬಿಟ್ಟು ಕಾರ್ಡು ಕೊಂಡೆ.

ರಂಗಪ್ಪ, ಹಿಂದೆ ಕೂತವರಿಗೆ ಕೇಳಿಸಲಿಲ್ಲವೇನೋ. ಇನ್ನೊಂದು ಸಲ ಗಟ್ಟಿಯಾಗಿ ಓದಪ್ಪ.