ಐಸ್ ಪೆಟ್ಟಿಗೆಯ ಮೀನು

ಮಾರ್ಚ್ ೧೪, ಶುಕ್ರವಾರ

ನಮ್ಮ ಕಚೇರಿಯ ಸಾಹೇಬರು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ: "ಇದನ್ನ ಇಲ್ಲಿಗೇ ಬಿಡಮ್ಮ, ಅವರು ದೊಡ್ಡವರು." ಬಿಡುವುದಿಲ್ಲ.

ಮೀನು ಹಿಡಿಯಬಾರದ ಹವಳದ ದಿಬ್ಬದ ಹತ್ತಿರ ಯಾರೋ ಬಲೆ ಹಾಕಿದ್ದಾರೆಂದು ದಿನಾ ಫೋನ್ ಮಾಡಿ, ಕಾವಲಿನವರಾದ ನಮ್ಮ ಪ್ರಾಣ ತಿನ್ನುವವನು ಪ್ರವಾಸಿಗರನ್ನು ಕಡಲಿಗಿಳಿಸುವ ಡೈವಿಂಗ್ ಅಂಗಡಿಯ ಯಜಮಾನ. ಅವನ ದೂರಿನ ಮೇಲೆಯೇ ಹೋದ ತಿಂಗಳು ನನ್ನ ಸ್ವಂತ ಅಣ್ಣನ ಬಲೆ ಜಪ್ತಿ ಮಾಡಿದ್ದೆ. ಅಂದಿನಿಂದ ಅಣ್ಣ ಮಾತು ಬಿಟ್ಟಿದ್ದ.

ಇವತ್ತು ಮಧ್ಯಾಹ್ನ ಆ ಯಜಮಾನನ ದೋಣಿ ಹತ್ತಿ ಐಸ್ ಪೆಟ್ಟಿಗೆ ತೆಗೆದೆ. ತಂಪು ಪಾನೀಯದ ಬಾಟಲಿಗಳ ಕೆಳಗೆ, ಈಟಿ ಹೊಕ್ಕ ಗಾಯದೊಂದಿಗೆ, ದಿಬ್ಬದ ಪೊಟರೆಯಲ್ಲಿ ಐದು ವರ್ಷದಿಂದ ನಾನು ನೋಡುತ್ತಿದ್ದ ಮುದಿ ಮೀನು ಮಲಗಿತ್ತು.

"ಅತಿಥಿಗಳು ಆಸೆಪಟ್ರು ಮೇಡಂ. ಒಂದೇ ಒಂದು," ಎಂದು ಹಲ್ಲು ಕಿರಿದ.

"ನಮ್ಮಣ್ಣನೂ ಹೀಗೇ ಹೇಳಿದ್ದ," ಎಂದೆ. ಈಟಿ, ದೋಣಿ ಎರಡೂ ಜಪ್ತಿ.

ಸಾಹೇಬರು ಹರಿದುಹಾಕು ಎಂದ ವರದಿಯ ಮೂರು ಪ್ರತಿ ಮಾಡಿ, ಒಂದನ್ನು ಕಚೇರಿಯ ನೋಟಿಸ್ ಬೋರ್ಡಿಗೇ ಅಂಟಿಸಿದೆ. ನನ್ನನ್ನು ವರ್ಗ ಮಾಡುತ್ತಾರಂತೆ. ಮಾಡಲಿ. ಅಲ್ಲೂ ಸಮುದ್ರವಿದ್ದರೆ ಅಲ್ಲಿನ ಕಳ್ಳರ ಗ್ರಹಚಾರ.

ಊಟಕ್ಕೆ ಕೂತಾಗ ಅಣ್ಣ ಬಂದು ಎದುರಿಗೇ ಕೂತ.

"ಅವನ ದೋಣೀನೂ ಹಿಡಿದ್ಯಂತೆ?"

"ಹೂಂ."

"ಹಾಗಾದ್ರೆ ನನ್ನ ಬಲೆ ಕೊಡಿಸು."

"ಕೊಡಿಸಲ್ಲ."

ತಿಂಗಳಿನಿಂದ ಮೊದಲ ಸಲ ಅಣ್ಣ ನಕ್ಕ. ನೀರಿನ ಲೋಟ ನನ್ನತ್ತ ಸರಿಸಿ, "ರಾಕ್ಷಸಿ," ಎಂದ. ಲೋಟ ಖಾಲಿ ಮಾಡಿ ಅವನಿಗೂ ಅನ್ನ ಬಡಿಸಿದೆ.

ಕಣ್ಣು ಎಳೆಯುತ್ತಿದೆ. ಬೋರ್ಡಿನ ಮೇಲಿನ ಪ್ರತಿಯನ್ನು ಬೆಳಗಾಗುವಷ್ಟರಲ್ಲಿ ಕಿತ್ತಿರುತ್ತಾರೆ. ಕೀಳಲಿ. ಉಳಿದೆರಡು ಪ್ರತಿಯೂ ಗೋಂದಿನ ಡಬ್ಬಿಯೂ ನನ್ನ ಚೀಲದಲ್ಲೇ ಇವೆ.