ನಮ್ಮ ತಾರಸಿಗೂ ಬಿಳಿ ಬಣ್ಣ

ಏಪ್ರಿಲ್ ೨೧, ಭಾನುವಾರ

ನನ್ನ ಮನೆಯ ಮೇಸ್ತ್ರಿಗೆ,

ನಾನು ಕ್ಷೇಮ, ಗೋಡೆಗಳೂ ಕ್ಷೇಮ. ನೀನು ಅಕ್ಕನ ಮನೆ ಸೇರಿದಾಗಿನಿಂದ ಬರೆಯಬೇಕೆಂದಿದ್ದೆ, ತಡವಾಯಿತು. ಬೈಯುವುದಾದರೆ ಪೂರ್ತಿ ಬೈದುಬಿಡು, ಅರ್ಧಕ್ಕೆ ನಿಲ್ಲಿಸಿದರೆ ನನಗೆ ನಿದ್ದೆ ಬರುವುದಿಲ್ಲ. ಫೋನು ಮಾಡಿದರೆ ಪ್ರತಿ ಸಲವೂ ಅಕ್ಕನೇ ಎತ್ತುತ್ತಾರೆ, ಅದಕ್ಕೇ ಈ ಕಾಗದ.

ನಗರಸಭೆಯವರು ಶಾಲೆ, ಆಸ್ಪತ್ರೆಗಳ ತಾರಸಿಗೆಲ್ಲ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸುತ್ತಿದ್ದಾರೆ. ಕೈತುಂಬ ಕೆಲಸ. ಆಸ್ಪತ್ರೆಯ ಮೇಲಿನ ವಾರ್ಡಿನ ನರ್ಸಮ್ಮ, "ಮೊನ್ನೆ ತನಕ ಫ್ಯಾನು ಬಿಸಿಗಾಳಿ ಬೀಸ್ತಿತ್ತು, ಈಗ ಒಬ್ಬ ಅಜ್ಜ ಹೊದಿಕೆ ಕೇಳ್ತಾ ಇದಾನೆ ಕಣಪ್ಪ" ಅಂದರು.

"ಇನ್ನೊಂದು ಕೋಟು ಬಳಿದ್ರೆ ಸ್ವೆಟರ್ ಕೇಳ್ತಾನೆ, ತಡೀರಿ" ಅಂದೆ.

ಹಾಗಂದ ಮೇಲೆ, ಅಕ್ಕನ ಮನೆಗೆ ಹೋಗುವ ದಿನ ನೀನು ಹೇಳಿದ್ದು ನೆನಪಾಯಿತು. "ಊರಿಗೆಲ್ಲ ತಂಪು ಮಾಡ್ತೀರಿ, ನಾನು ಮಾತ್ರ ಕಾವಲಿ ಮೇಲಿನ ಕಾಳಿನ ಥರ ಹುರಿದುಹೋಗ್ಬೇಕು. ಆ ರೂಮು ತಣ್ಣಗಾದ ದಿನ ಬರ್ತೀನಿ."

ಇವತ್ತು ನಮ್ಮ ತಾರಸಿಗೆ ಬಳಿದೆ. ಕೆಳಗೆ ರೂಮಿನಲ್ಲಿರುವ ನಿನ್ನ ಮಂಚದ ನೆತ್ತಿಗೆ ಬರುವ ಜಾಗ ಮೊದಲು ತಣ್ಣಗಾಗಲಿ ಎಂದು ಅಲ್ಲಿಂದಲೇ ಶುರು ಮಾಡಿದೆ. ಮೆಟ್ಟಿಲ ಬಾಗಿಲು ಇರುವುದೂ ಅಲ್ಲೇ ಎಂದು ಹೊಳೆಯಲೇ ಇಲ್ಲ. ಕಂಡವರ ತಾರಸಿಯಲ್ಲಿ ಮೂಲೆಯಿಂದ ಬಾಗಿಲಿಗೆ ಬಳಿಯುತ್ತ ಬರುವವನು, ಸ್ವಂತ ಮನೆಯಲ್ಲಿ ಬಾಗಿಲಿಂದ ಮೂಲೆಗೆ ಹೋಗಿ ಸಿಕ್ಕಿಕೊಂಡೆ. ಬಣ್ಣ ಒಣಗುವ ತನಕ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದೆ.

ಪಕ್ಕದ ಮನೆಯ ಟೈಲರ್ ನೋಡಿ, "ಏನಣ್ಣ, ಅತ್ತಿಗೆ ಇಲ್ಲ ಅಂತ ಕಾಗೆಗಳ ಜೊತೆ ಸಂಸಾರಾನಾ?" ಅಂದ.

"ಇವೂ ನನ್ನ ಮಾತು ಕೇಳಲ್ಲ ಕಣೋ" ಅಂದೆ.

ಸಂಜೆ ನಿನ್ನ ಮಂಚದ ಮೇಲೆ ಮಲಗಿ ನೋಡಿದೆ. ಗೋಡೆ ಮುಟ್ಟಿದರೆ ಈಗ ಕೈ ಸುಡುವುದಿಲ್ಲ. ಫ್ಯಾನಿಲ್ಲದೆ ಕಣ್ಣು ಹತ್ತಿತು. ಯಾವಾಗ ಬರುತ್ತೀ ಬರೆ, ಬಸ್ ಸ್ಟ್ಯಾಂಡಿಗೆ ಬರುತ್ತೇನೆ.

ಷಡ್ಡಕರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನೀನು ನೂರು ಕಾಲ ಚೆನ್ನಾಗಿರು.

ಇಂತಿ,
ನಿನ್ನ ಬಣ್ಣದವನು

ಬರೆಯಲೋ ಬೇಡವೋ ಎಂದು ಬಿಟ್ಟಿದ್ದು: ಮೊನ್ನೆ ಫೋನಿನಲ್ಲಿ ನಿನ್ನ ಅಕ್ಕ, "ಇಲ್ಲಿ ಅವಳಿಗೆ ತಗಡಿನ ಕೆಳಗಿನ ರೂಮೇ ಸಿಕ್ಕಿರೋದು. ಸೆಕೆ ಅಂತ ಒಂದು ದಿನಾನೂ ಅಂದಿಲ್ಲ" ಅಂದರು. ಅದು ಗೊತ್ತಿದ್ದೂ ಬಳಿದೆ. ನೀನು ಹೋಗಿದ್ದು ಬಿಸಿಲಿಗಲ್ಲ ಅಂತಾದರೆ, ಯಾಕೆ ಅಂತ ಬರೆ. ತಮಾಷೆ ಮಾಡದೆ ಓದುತ್ತೇನೆ.