ಗುಡಿ ಗೋಡೆಯ ಅಂಗೈಗಳು

೧೪ ಮಾರ್ಚ್ ೨೦೦೪, ಭಾನುವಾರ. ಕೀಲ್ಪಾಕ್.

ಈ ಮೈದುನನಿಗೆ ಏನು ಹೇಳೋದು! ಅಭಯಾರಣ್ಯದೊಳಗಿರೋ ನಮ್ಮ ಮನೆದೇವರ ಗುಡಿಗೆ ಒಬ್ಬನೇ ಹೋಗಿ ಬಂದ ಪ್ರಭುದೇವ, ಇವತ್ತು ಹಲ್ಲು ಕಿರೀತಾ ಫೋಟೋ ಹರಡಿದ. ಕೆಮ್ಮಣ್ಣಿನ ಗೋಡೆಯೆಲ್ಲ ಈಗ ಹಳದಿ. "ಹಿರೀಕರದ್ದು ಉಳೀಬೇಕಲ್ಲ ಅತ್ತಿಗೆ, ಹಳೇ ಕಲೆಯೆಲ್ಲ ಕೆರೆಸಿ ಆಯಿಲ್ ಪೇಂಟ್ ಹೊಡೆಸಿಬಿಟ್ಟೆ" ಅಂತಾನೆ.

ಕಲೆಯಂತೆ! ಊರನ್ನೇ ಕಾಡಿಂದ ಎಬ್ಬಿಸಿದ ಮೇಲೂ, ಈ ಮನೆಗೆ ಬಂದ ಸೊಸೆಯರೆಲ್ಲ ಮದುವೆಯಾದ ವರ್ಷ ಅಲ್ಲಿಗೆ ಹೋಗಿ, ಸುಣ್ಣದಲ್ಲಿ ಅಂಗೈ ಅದ್ದಿ ಆ ಗೋಡೆಗೆ ಒತ್ತಿದ್ದು ಅವನಿಗೆ ಗೊತ್ತಿಲ್ವಾ? ಗೊತ್ತು. ಕಣ್ಣಿಗೆ ಬೀಳಲ್ಲ, ಅಷ್ಟೆ.

ಈ ತಮಿಳು ಊರಲ್ಲೇ ಬೆಳೆದ ನನ್ನ ಮಗಳು ಭವಾನಿ ಬೇರೆ, "ರೊಂಬ ನಲ್ಲಾ ಇರುಕ್ಕು ಚಿತ್ತಪ್ಪಾ" ಅಂತ ಚಿಕ್ಕಪ್ಪನಿಗೆ, ತುಂಬ ಚೆನ್ನಾಗಿದೆಯಂತೆ, ತಮಿಳಲ್ಲಿ ಶಭಾಸ್‌ಗಿರಿ ಕೊಟ್ಟಳು. ದುರುಗುಟ್ಟಿ ನೋಡಿದೆ.

ಅತ್ತೆ ಕನ್ನಡಕ ಹಾಕ್ಕೊಂಡು, ಫೋಟೋನ ಕಿಟಕಿ ಹತ್ತಿರ ಹಿಡಿದು, ತಮ್ಮ ಅತ್ತೆಯ ಕೈ ಹುಡುಕ್ತಾನೇ ಇದ್ದರು. ಅದರ ಪಕ್ಕ ಅವರದು, ಅವರ ಪಕ್ಕ ನನ್ನದು, ಕಿರುಬೆರಳು ಒಂಚೂರು ಜಾರಿತ್ತು.

"ಹೋಗ್ಲಿ ಬಿಡಿ ಅತ್ತೆ, ನಮ್ಮಿಬ್ಬರದಾದರೂ ಮತ್ತೆ ಒತ್ತಿ ಬರೋಣ" ಅಂದೆ.

"ಆಗಲ್ಲ ಅತ್ತಿಗೆ" ಅಂದ ಮಹಾಶಯ, ಎಂಥ ಹೆಮ್ಮೆ ಅವನಿಗೆ! "ಇನ್ನು ಆ ಗೋಡೆಗೆ ಏನೂ ಅಂಟಲ್ಲ. ಕಂಪನಿ ಗ್ಯಾರಂಟಿ."